ಟ್ಯಾಂಕಿನ ಈ ಕಡೆ

ನಮ್ಮ ಹಾಲ್ವರ್ ಊರಿನ ನೀರಿನ ಟ್ಯಾಂಕಿಗೆ ಎರಡು ಮುಖ. ಹೈವೇಯಲ್ಲಿ ಹೋಗುವವರಿಗೆ ಕಾಣುವ ಮುಖಕ್ಕೆ ಆಕಾಶನೀಲಿ ಬಳಿದು, ಹುಟ್ಟುವ ಸೂರ್ಯನನ್ನು ಬರೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಊರಿನ ಹೆಸರು ಹಾಕಿದ್ದಾರೆ. ಊರೊಳಗಿರುವವರಿಗೆ ಕಾಣುವ ಮುಖ ಬರೀ ಬೂದು. ಬಣ್ಣಕ್ಕೆ ಮೊದಲು ಹಚ್ಚುತ್ತಾರಲ್ಲ, ಆ ಪ್ರೈಮರ್ ಅಷ್ಟೇ. ಬಣ್ಣದವರು ಅರ್ಧಕ್ಕೇ ಸಾಮಾನು ಕಟ್ಟಿಕೊಂಡು ಹೊರಟಾಗ ನಾನು ಸ್ಕೂಲ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಅಲ್ಲೇ ನಿಂತಿದ್ದ ಮೇಯರ್ ಡ್ವೇನ್ ರುಸ್ತಾದನನ್ನು ಕೇಳಿದ್ದೆ, ಇದೇನಪ್ಪಾ ಇದು ಅಂತ.

"ಊರಲ್ಲಿರೋರಿಗೆ ಊರಿನ ಹೆಸ್ರು ಗೊತ್ತೇ ಇದೆಯಲ್ಲ ಮಾರ್ಲಿಸ್. ಅವ್ರಿಗ್ಯಾಕೆ ಬೋರ್ಡು?" ಅಂದ.

ಡ್ವೇನನೂ ನಾನೂ ಒಂದೇ ಕ್ಲಾಸಿನಲ್ಲಿ ಓದಿದವರು. ಈಗ ಅವನಿಗೆ ಹಾರ್ಡ್‌ವೇರ್ ಅಂಗಡಿಯಿದೆ, ಮೇಯರ್ ಪದವಿಯಿದೆ, ಆದರೆ ತಲೆಯೊಳಗೆ ಅದೇ ಹಳೇ ಡ್ವೇನ್. ನನಗೆ ಮೈಯೆಲ್ಲ ಉರಿದುಹೋಯಿತು. ಊರಿನ ಉಳಿದವರಿಗೆ ಉರಿಯಿತೋ ಇಲ್ಲವೋ ತಿಳಿಯಲು ದಾರಿಯೇ ಇಲ್ಲ, ಏಕೆಂದರೆ ಅವರೆಲ್ಲ ಆಡಿದ್ದು ಒಂದೇ ಮಾತು, "ಬೂದು ಬಣ್ಣ ಒಳ್ಳೇದೇ ಬಿಡು, ಕೊಳೆ ಕಾಣಲ್ಲ."

ಮಿನ್ನೆಸೋಟದ ಈ ಮೂಲೆಯ ಜನ ಹೀಗೇ. ಇನ್ನೊಬ್ಬರ ಮನಸ್ಸಿಗೆ ನೋವಾಗಬಾರದೆಂದು ನಾಲಿಗೆಯನ್ನು ಕಟ್ಟಿಟ್ಟುಕೊಂಡಿದ್ದಾರೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುವುದಿಲ್ಲ. ಸಿಹಿ ತಟ್ಟೆಯ ಕೊನೇ ತುಂಡನ್ನು ಮುಟ್ಟುವುದಿಲ್ಲ. ಒಬ್ಬರು ಅದನ್ನು ಅರ್ಧ ಮಾಡಿ ಒಂದು ಪಾಲು ತೆಗೆದುಕೊಂಡರೆ, ಮುಂದಿನವರು ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ಕೊನೆಗೆ ಇರುವೆಗೂ ಸಾಲದಷ್ಟು ಪುಡಿ ತಟ್ಟೆಯಲ್ಲಿ ಉಳಿಯುತ್ತದೆ, ಅದನ್ನು ತೊಳೆದು ಮನೆಗೊಯ್ಯುತ್ತೇವೆ. ಇಂಥವರ ನಡುವೆ ನಾನು ಬಾಯಿಬಡುಕಿ ಹೇಗೆ ಹುಟ್ಟಿದೆನೋ ನಮ್ಮಮ್ಮನಿಗೂ ಆಶ್ಚರ್ಯವಿತ್ತು.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಕಾಯಿಂಗ್ ಮೂಆ ಬಂದಳು. ಊರಿನ ಮುಂದಿನ ಇಪ್ಪತ್ತು ವರ್ಷಕ್ಕೆ ಯೋಜನೆ ಮಾಡಿಕೊಡಲು ಕೌನ್ಸಿಲ್ ಕರೆಸಿಕೊಂಡಿದ್ದ ಪ್ಲಾನರ್. ಕ್ಯಾಲಿಫೋರ್ನಿಯಾದ ಫ್ರೆಸ್ನೋದವಳು, ಏಷ್ಯಾ ಮೂಲದ ಮೋಂಗ್ ಜನಾಂಗದವಳು, ಹಿಮವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದವಳು. ಬಂದ ವಾರವೇ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕರೆದರು. ಆರ್ಡಿಸ್ ಕ್ವಾಮ್, ನಮ್ಮ ಕೌದಿ ಹೊಲಿಯುವ ಹೆಂಗಸರ ಗುಂಪಿನ ಹಿರಿಯಳು, ತಾನು ಬೇಯಿಸಿ ತುಂಡು ಮಾಡಿದ ಸಿಹಿ ಲಿಂಬೆ ಬಾರ್‌ಗಳ ತಟ್ಟೆಯನ್ನು ಅವಳ ಮುಂದೆ ಹಿಡಿದು "ಒಂದು ತಗೋಮ್ಮ" ಎಂದಳು. ಕಾಯಿಂಗ್ "ಥ್ಯಾಂಕ್ಸ್" ಎಂದು ಒಂದನ್ನು ತೆಗೆದುಕೊಂಡು ತಿಂದೇಬಿಟ್ಟಳು.

ನೆಲಮಾಳಿಗೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಫಿ ಲೋಟದೊಳಗೆ ಕಣ್ಣು ನೆಟ್ಟರು. ಆಮೇಲೆ ನಾನು ಅವಳನ್ನು ಪಾತ್ರೆ ತೊಳೆಯುವ ಕಡೆ ಎಳೆದುಕೊಂಡು ಹೋಗಿ ತಿಳಿಹೇಳಿದೆ.

"ಮೊದಲ್ನೇ ಸಲ ಕೇಳಿದ್ರೆ 'ಅಯ್ಯೋ ಬೇಡ' ಅನ್ಬೇಕು. ಎರಡ್ನೇ ಸಲ ಕೇಳ್ತಾರೆ, ಆಗ್ಲೂ 'ಬೇರೆಯವ್ರಿಗಿರ್ಲಿ' ಅನ್ಬೇಕು. ಮೂರ್ನೇ ಸಲ ಕೇಳಿದಾಗ 'ಹಾಗಾದ್ರೆ ಒಂದು ಚಿಕ್ಕದು' ಅನ್ನು."

"ಎರಡೇ ಸಲಕ್ಕೆ ನಿಲ್ಸಿಬಿಟ್ರೆ?"

"ನಿಲ್ಸಲ್ಲ. ನಿಲ್ಸಿದ್ರೆ ಅವ್ರು ಇಲ್ಲಿಯವ್ರೇ ಅಲ್ಲ."

"ನಮ್ಮನೇಲಿ ಅಜ್ಜಿ ಕೊಟ್ಟಾಗ ತಗೊಳ್ದೇ ಇದ್ರೆ ಬೆನ್ನಿಗೊಂದು ಬೀಳ್ತಿತ್ತು ಮಾರ್ಲಿಸ್," ಎಂದು ಅವಳು ನಕ್ಕಳು. ಆ ನಗುವಿಗೇ ನಾನು ಅವಳ ಪಕ್ಷ ಸೇರಿದ್ದು.

ಚಳಿಗಾಲವೆಲ್ಲ ಕಾಯಿಂಗ್ ಮನೆಮನೆಗೆ ಹೋಗಿ ಊರಿಗೆ ಏನು ಬೇಕೆಂದು ಕೇಳಿದಳು. ಎಲ್ಲರೂ ಕಾಫಿ ಕೊಟ್ಟರು, ರಸ್ತೆ ಜಾರುತ್ತೆ ಹುಷಾರು ಎಂದರು, ಎಲ್ಲ ಚೆನ್ನಾಗೇ ಇದೆ ಎಂದರು. ಅವಳ ಕೈಗೆ ಒಂದು ನಿಜವಾದ ಮಾತು ಸಿಗಲಿಲ್ಲ. ಹಿಂದಿನ ಯೋಜನೆಯೂ ಹೀಗೇ ಆದದ್ದು. ಅದರ ದಪ್ಪ ಪುಸ್ತಕವನ್ನು ಈಗ ಟೌನ್ ಹಾಲಿನ ಹಿಂಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದಾರೆ, ಆ ಕೆಲಸವನ್ನಾದರೂ ಅದು ನೆಟ್ಟಗೆ ಮಾಡುತ್ತಿದೆ.

ವಸಂತಕ್ಕೆ ಡ್ವೇನ್ ಗಡುವು ಕೊಟ್ಟ. ಟೌನ್ ಹಾಲಿನಲ್ಲಿ ನಾನೂ ಇದ್ದೆ, ಯೋಜನಾ ಸಮಿತಿಗೆ ನನ್ನನ್ನೂ ಹಾಕಿದ್ದರಲ್ಲ.

"ಕಾಯಿಂಗ್, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಜನಕ್ಕೆ ಇದು ಬೇಕಾಗಿಲ್ಲ ಅನ್ಸುತ್ತೆ. ಮಿನಿಯಾಪೊಲಿಸ್ ಕಂಪನಿಯೋರು ಎಲ್ಲ ರೆಡಿ ಮಾಡಿ ಕೊಡ್ತೀವಿ ಅಂತಿದಾರೆ. ಅವ್ರಿಗೆ ವಹಿಸಿದ್ರೆ ನಿಮ್ಮ ಹುದ್ದೆ ಇರಲ್ಲ, ಅದೊಂದೇ ಬೇಜಾರು."

"ಒಂದು ಶನಿವಾರ ಕೊಡಿ," ಎಂದಳು ಕಾಯಿಂಗ್. "ಯೋಜನೆಗೆ ಒಂದು ಹೆಸ್ರು, ಒಂದು ಗುರುತು. ಜನಾನೇ ಬಂದು ಆರಿಸ್ಲಿ. ಆರಿಸಿದ್ರೆ ನಾನು ಮುಂದುವರೀತೀನಿ. ಇಲ್ಲಾಂದ್ರೆ ಸೋಮವಾರದ ಮೀಟಿಂಗಲ್ಲಿ ನೀವು ಹೇಳಿದ ಹಾಗೇ ಆಗ್ಲಿ."

"ಹೆಸರಿಟ್ರೆ ಏನಾಗ್ಬಿಡುತ್ತೆ?"

"ನಮ್ಮಜ್ಜಿ ಸಾಕಿದ ಕೋಳಿಗಳಿಗೆ ನಮ್ಮನ್ನ ಹೆಸರಿಡೋಕೆ ಬಿಡ್ತಿರ್ಲಿಲ್ಲ. ಹೆಸರಿಟ್ರೆ ಆಮೇಲೆ ಕೊಯ್ಯೋಕಾಗಲ್ಲ ಅಂತ."

ಡ್ವೇನ್ ತಲೆ ಕೆರೆದುಕೊಂಡು ಒಪ್ಪಿದ. ಹೊರಗೆ ಬಂದ ಮೇಲೆ ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಫ್ರೆಸ್ನೋಗೆ ವಾಪಸ್ಸು ಹೋಗುವುದು ಅವಳಿಗೆ ಕಷ್ಟದ ಮಾತೇನಲ್ಲ, ಅಲ್ಲಿ ಮನೆಯಿದೆ, ಜನರಿದ್ದಾರೆ. ಆದರೆ ಇಲ್ಲಿಂದ ಸೋತು ಹೋಗುವುದು ಅವಳಿಗೆ ಬೇಡವಾಗಿತ್ತು. "ನಂಗೆ ಈ ಊರು ಇಷ್ಟ ಆಗೋಗಿದೆ, ಏನ್ಮಾಡ್ಲಿ?" ಎಂದಳು. ನನ್ನೂರನ್ನು ಯಾರಾದರೂ ಹಾಗೆ ಬಾಯಿಬಿಟ್ಟು ಇಷ್ಟ ಎಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಶನಿವಾರ ಬಂತು. ಫೈರ್ ಸ್ಟೇಷನ್ನಿನ ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದೆವು. ಕಾಯಿಂಗ್ ನಾಲ್ಕು ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಒಂದರಲ್ಲಿ ನಮ್ಮ ಕೆರೆಯ ಲೂನ್ ಹಕ್ಕಿ, ಒಂದರಲ್ಲಿ ಪೈನ್ ಮರ, ಒಂದರಲ್ಲಿ ಮೂರು ನೀಲಿ ಅಲೆ. ಪ್ರತಿಯೊಂದರ ಕೆಳಗೂ ಒಂದೊಂದು ಹೆಸರು, "ಮುನ್ನಡೆ ಹಾಲ್ವರ್", "ಬೇರು ಬಿಟ್ಟ ಊರು", "ನಾಳೆಯ ಅಲೆ". ನಾಲ್ಕನೆಯ ಹಲಗೆಯಲ್ಲಿ ಒಂದು ದೊಡ್ಡ ಬೂದು ವೃತ್ತ, ಒಳಗೆ ಏನೂ ಇಲ್ಲ. ಮೂರೂ ಹಿಡಿಸದವರು ತಮ್ಮದೇ ಗುರುತು ಬರೆಯಲಿ, ತಮ್ಮದೇ ಹೆಸರು ಕೊಡಲಿ ಎಂದು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ನೇತುಹಾಕಿದ್ದಳು.

ವೋಟಿಗೆ ಚೀಟಿ ಬೇಡವೆಂದವಳು ಆರ್ಡಿಸ್. ಕೌದಿ ಗುಂಪಿನ ಗುಂಡಿಗಳ ದೊಡ್ಡ ಜಾಡಿಯನ್ನೇ ಹೊತ್ತು ತಂದಿದ್ದಳು. ಸತ್ತವರ ಕೋಟಿನದು, ಮಕ್ಕಳ ಫ್ರಾಕಿನದು, ಪಟ್ಟಣದ ಬ್ಯಾಂಡಿನವರ ಹಳೇ ಹಿತ್ತಾಳೆಯದು, ಊರಿನವರ ಬಟ್ಟೆಯಿಂದ ಬಿಚ್ಚಿಟ್ಟ ಗುಂಡಿಗಳೆಲ್ಲ ಅದರಲ್ಲಿದ್ದವು. ಬಾಗಿಲಲ್ಲಿ ಕುಳಿತು ಬಂದವರ ಮುಖ ನೋಡಿ, ಜಾಡಿಯಲ್ಲಿ ಹುಡುಕಿ, ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದಳು. ಒಂದರಂತೆ ಇನ್ನೊಂದಿಲ್ಲ. ಹಲಗೆಗಳ ಮುಂದೆ ಕಾಫಿ ಪುಡಿಯ ಡಬ್ಬಿಗಳು, ಮುಚ್ಚಳದಲ್ಲಿ ಸೀಳು, ಒಳಗೆ ಬಟ್ಟೆ ಹಾಸಿದ್ದರಿಂದ ಗುಂಡಿ ಬಿದ್ದರೆ ಸದ್ದಿಲ್ಲ. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಜನ ಬಂದರು ನೋಡಿ. ಹಿಮ ಕರಗಿ ರಸ್ತೆಯೆಲ್ಲ ಕೆಸರು, ಆದರೂ ಕಾರುಗಳ ಸಾಲು ಕೆರೆಯ ದಂಡೆಯವರೆಗೆ ನಿಂತಿತು. ಮಾಂಸದ ಕಾರ್ಖಾನೆಯ ಮೆಕ್ಸಿಕೋದವರು ಸಂಸಾರ ಸಮೇತ ಬಂದರು, ಕೆರೆಯಾಚೆಯ ರೈತರು ಬಂದರು, ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡ ಪಂದ್ಯದ ಅಂಗಿಯಲ್ಲೇ ಬಂತು. ಕಾಫಿ ಬಗ್ಗಿಸಿ ಬಗ್ಗಿಸಿ ನನ್ನ ಕೈ ಸೋತು ಹೋಯಿತು. ಆರ್ಡಿಸಳ ಗಂಡ ಟಾರ್ವಲ್ಡ್, ಹಸುಗಳ ಜೊತೆ ಬಿಟ್ಟರೆ ಬೇರೆ ಯಾರ ಜೊತೆಯೂ ಮಾತಾಡದ ಮನುಷ್ಯ, ಲೂನ್ ಹಕ್ಕಿಯ ಮುಂದೆ ನಿಂತು ತುಂಬಾ ಹೊತ್ತು ನೋಡಿದ.

"ಹಕ್ಕಿ ಥರಾನೇ ಇದೆ," ಎಂದ.

ಕಾಯಿಂಗ್ ಓಡಿಬಂದು ನನ್ನ ಕಿವಿಯಲ್ಲಿ, "ಟಾರ್ವಲ್ಡ್ ಮಾತಾಡಿದ್ರು," ಎಂದಳು. ಅವಳ ಕೆನ್ನೆ ಕೆಂಪಾಗಿತ್ತು.

ನಾಲ್ಕನೇ ಹಲಗೆಯ ಪೆನ್ನಿನ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಲಿಲ್ಲ. ನಾಲ್ಕು ಜನರೆದುರು ನಿಂತು ತನ್ನ ಚಿತ್ರ ತಾನು ಬರೆಯುವುದೆಂದರೆ ಹಾಲ್ವರಿನವರಿಗೆ ಅಂಗಿ ಬಿಚ್ಚಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ನಾನೂ ನನ್ನ ಹಸಿರು ಗುಂಡಿ ಹಿಡಿದು ಹೋದೆ. ನನ್ನ ಮನಸ್ಸಿದ್ದದ್ದು ಲೂನ್ ಮೇಲೆ. ಆದರೆ ಆ ಬೂದು ವೃತ್ತ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ. ಪಾಪ ಎನಿಸಿತು. ಸಂಜೆ ಡಬ್ಬಿ ತೆರೆದಾಗ ಅದರಲ್ಲಿ ಒಂದೂ ಇಲ್ಲದಿದ್ದರೆ ಕಾಯಿಂಗಳಿಗೆ ಎಷ್ಟು ಬೇಜಾರಾದೀತು. ಹಕ್ಕಿಗೆ ಹೇಗೂ ಊರೆಲ್ಲ ಹಾಕುತ್ತದೆ, ನನ್ನದೊಂದು ಹೋದರೇನು ಎಂದುಕೊಂಡು ಅದನ್ನು ಬೂದು ವೃತ್ತದ ಡಬ್ಬಿಗೆ ಹಾಕಿ, ಯಾರೂ ನೋಡಲಿಲ್ಲವೆಂದು ಖಚಿತ ಮಾಡಿಕೊಂಡು ಕಾಫಿಯ ಕಡೆ ಬಂದೆ.

ಸಂಜೆ ಎಲ್ಲರೂ ಹೋದ ಮೇಲೆ ಕಾಯಿಂಗ್, ಡ್ವೇನ್, ನಾನು ಮೂವರೇ ಡಬ್ಬಿಗಳನ್ನು ತೆರೆದೆವು. ಲೂನ್ ಡಬ್ಬಿಯಲ್ಲಿ ಒಂದು ಹಿಡಿ. ಪೈನ್ ಮರದಲ್ಲಿ ಅದಕ್ಕಿಂತ ಕಡಿಮೆ. ಅಲೆಯಲ್ಲಿ ತಳ ಮುಚ್ಚಲು ಸಾಲದಷ್ಟು. ನಾಲ್ಕನೆಯದನ್ನು ಕಾಯಿಂಗ್ ಎತ್ತಿದಾಗಲೇ ಅವಳ ಮುಖ ಬದಲಾಯಿತು. ಡಬ್ಬಿ ಕಂಠಮಟ್ಟ ತುಂಬಿತ್ತು. ಮೇಜಿನ ಮೇಲೆ ಸುರಿದರೆ ಗುಂಡಿಗಳು ಉರುಳಿ ನೆಲಕ್ಕೂ ಬಿದ್ದವು.

ನಾನು ಬಗ್ಗಿ ನೆಲಕ್ಕೆ ಬಿದ್ದವನ್ನು ಆರಿಸಿದೆ.

"ಖಾಲಿ ಹಲಗೆ ಗೆದ್ದಿದೆ," ಎಂದ ಡ್ವೇನ್. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. "ಏನೂ ಬೇಡ ಅಂತ ಹೇಳಿದಾರೆ ಕಾಯಿಂಗ್. ಹೆಸ್ರೂ ಇಲ್ಲ, ಗುರುತೂ ಇಲ್ಲ. ಸೋಮವಾರ ನಾನು ಇದನ್ನೇ ಹೇಳ್ಬೇಕಾಗುತ್ತೆ." ಟೋಪಿ ಹಾಕಿಕೊಂಡು ಹೊರಟುಹೋದ.

ಕಾಯಿಂಗ್ ಮಡಚುವ ಕುರ್ಚಿಯ ಮೇಲೆ ಕುಳಿತಳು. "ಇಷ್ಟು ಜನ ಬಂದು, ಕಾಫಿ ಕುಡಿದು, ನಗ್ತಾ ನಗ್ತಾ ನಂಗೆ ಬೇಡ ಅಂದ್ರಾ?"

ನನಗೆ ಆಗ ಹೊಳೆಯಿತು. ಹೊಳೆದದ್ದೇ ನಗು ಒತ್ತರಿಸಿ ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನನ್ನನ್ನು ಹುಚ್ಚಿ ಎಂಬಂತೆ ನೋಡಿದಳು.

"ನಿಂಗಲ್ಲ ಬೇಡ ಅಂದಿದ್ದು. ಅಯ್ಯೋ ದೇವ್ರೇ, ಇವ್ರು ಪಾಪ ಅಂತ ಹಾಕಿದಾರೆ ಕಣೇ. ಎಲ್ರೂ! ನಾನೂ ಹಾಕಿದೀನಿ."

"ಏನ್ ಪಾಪ?"

"ಆ ಖಾಲಿ ಹಲಗೆಗೆ ಯಾರೂ ಹಾಕಲ್ಲ, ಅದಕ್ಕೆ ಒಂದೂ ಬೀಳ್ದಿದ್ರೆ ನಿಂಗೆ ಬೇಜಾರಾಗುತ್ತೆ ಅಂತ. ಒಬ್ಬೊಬ್ರೂ ತಾವೊಬ್ರೇ ಅಂದ್ಕೊಂಡಿದಾರೆ. ಲಿಂಬೆ ಬಾರಿನ ಕೊನೇ ತುಂಡು ಯಾರೂ ಮುಟ್ಟಲ್ವಲ್ಲ, ಅದೇ ಜನ ಇವ್ರು."

ಅವಳು ನಂಬಲಿಲ್ಲ. ಆಮೇಲೆ ನಂಬಿದಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳೆಂದಳು, "ಆದ್ರೂ ಸೋಮವಾರ ಇದನ್ನ ಯಾರು ನಂಬ್ತಾರೆ? ಪಾಪ ಅನ್ನೋದು ವೋಟಲ್ಲ."

ಸುಮ್ಮನೆ ಕೂರಲಾಗದೆ ನಾನು ಗುಂಡಿಗಳನ್ನು ಎಣಿಸಲು ಶುರುಮಾಡಿದೆ. ಎಣಿಸಿದ್ದು ಮತ್ತೆ ಬೆರೆಯದಿರಲೆಂದು ಕಾಯಿಂಗ್ ಗೋಂದು ತಂದು ಒಂದೊಂದನ್ನೇ ಆ ಬೂದು ವೃತ್ತದ ಮೇಲೆ ಅಂಟಿಸತೊಡಗಿದಳು. ಕೆಂಪು, ಮುತ್ತಿನ ಬಿಳಿ, ನಾಲ್ಕು ತೂತಿನ ಕಂದು, ಹಿತ್ತಾಳೆ, ನನ್ನ ಹಸಿರು. ಬೂದು ಮೆಲ್ಲಗೆ ಬಣ್ಣವಾಗುತ್ತ ಹೋಯಿತು. ಮುಗಿದ ಮೇಲೆ ಗೋಂದು ಒಣಗಲೆಂದು ಹಲಗೆಯನ್ನು ಹೊರಗೆ ಗಾಳಿಗೆ ತಂದೆವು. ಇನ್ನೂ ಬೆಳಕಿತ್ತು. ಕಾಯಿಂಗ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು, ಅವಳ ಹಿಂದೆ, ಫೈರ್ ಸ್ಟೇಷನ್ನಿನ ಮಾಡಿನ ಮೇಲೆ, ನಮ್ಮ ಟ್ಯಾಂಕು ನಿಂತಿತ್ತು. ಟ್ಯಾಂಕಿನ ಈ ಕಡೆ. ದುಂಡಗೆ, ಬೂದು ಬಣ್ಣದಲ್ಲಿ, ಮೈಮೇಲೆ ಏನೂ ಇಲ್ಲದೆ.

"ಕಾಯಿಂಗ್," ಎಂದೆ. "ಹಿಂದಕ್ಕೆ ತಿರುಗಿ ನೋಡು."

ಅವಳು ಟ್ಯಾಂಕನ್ನು ನೋಡಿದಳು, ಹಲಗೆಯನ್ನು ನೋಡಿದಳು, ಮತ್ತೆ ಟ್ಯಾಂಕನ್ನು ನೋಡಿದಳು. ಹಲಗೆಯನ್ನು ಇನ್ನೂ ಮೇಲಕ್ಕೆತ್ತಿ ಟ್ಯಾಂಕಿನ ಪಕ್ಕಕ್ಕೆ ಹಿಡಿದಳು.

ಭಾನುವಾರ ಪೂರ್ತಿ ನಾನು ಫೋನು ಕೆಳಗಿಡಲಿಲ್ಲ. ಎಲ್ಲರಿಗೂ ಒಂದೇ ಮಾತು, ಸೋಮವಾರ ಟೌನ್ ಹಾಲಿಗೆ ಬನ್ನಿ, ನಿಮ್ಮ ಗುಂಡಿ ಎಲ್ಲಿ ಹೋಯಿತು ಅಂತ ಬಂದು ನೋಡಿ. ಎಲ್ಲರೂ "ನೋಡೋಣ" ಎಂದರು. ನಮ್ಮಲ್ಲಿ ನೋಡೋಣ ಎಂದರೆ ಇಲ್ಲ ಎಂದೂ ಆಗಬಹುದು, ಊಟ ತರುತ್ತೇನೆ ಎಂದೂ ಆಗಬಹುದು.

ಸೋಮವಾರ ಸಂಜೆ ಬಂದರು. ಮುಂದಿನ ಎರಡು ಸಾಲು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕುಳಿತರು, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು, ಆದರೂ ಮುಂದಕ್ಕೆ ಬರಲಿಲ್ಲ. ಕೌನ್ಸಿಲಿನವರ ಮೇಜಿನ ಪಕ್ಕದಲ್ಲಿ ಗುಂಡಿಗಳ ಹಲಗೆ ನಿಂತಿತ್ತು. ಬಂದವರೆಲ್ಲ ಅದನ್ನು ನೋಡಿದರು, ತಮ್ಮ ಗುಂಡಿಯನ್ನು ಗುರುತಿಸಿದರು, ಕೂಡಲೇ ಕಣ್ಣು ತಗ್ಗಿಸಿದರು. ಯಾರ ಗುಟ್ಟೂ ಉಳಿದಿರಲಿಲ್ಲ, ಆದರೆ ಆ ಗುಟ್ಟು ಇನ್ನೊಬ್ಬರದೂ ಹೌದೆಂದು ಯಾರಿಗೂ ಇನ್ನೂ ಹೊಳೆದಿರಲಿಲ್ಲ.

ನಾನು ಎದ್ದು ಎಲ್ಲವನ್ನೂ ಹೇಳಿಬಿಡಲು ತಯಾರಾಗಿದ್ದೆ. ಕಾಯಿಂಗ್ ನನ್ನ ತೋಳು ಹಿಡಿದಳು.

"ನೀವು ಮಾತಾಡ್ಬೇಡಿ ಮಾರ್ಲಿಸ್."

"ಯಾಕೆ?"

"ಯಾವಾಗ್ಲೂ ನೀವೇ ಮಾತಾಡ್ತೀರ. ನೀವು ಮಾತಾಡಿದ್ರೆ ಅವ್ರೆಲ್ಲ ಪಾರಾಗ್ಬಿಡ್ತಾರೆ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಿಜವನ್ನೇ ಹೇಳಿದ್ದಳು, ಅದಕ್ಕೇ ಅಷ್ಟು ಚುರುಕಾಗಿ ತಾಗಿತು. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತೆ.

ಡ್ವೇನ್ ಗಂಟಲು ಸರಿಮಾಡಿಕೊಂಡ. "ಶನಿವಾರ ಊರಿನೋರು ಖಾಲಿ ಹಲಗೆ ಆರಿಸಿದೀರ. ಅಂದ್ರೆ ಯೋಜನೆ ಕೆಲಸವನ್ನ ಕಂಪನಿಗೆ ಒಪ್ಪಿಸಬೇಕು ಅನ್ನೋದು ನನ್ನ ಸೂಚನೆ. ವೋಟಿಗೆ ಹಾಕೋ ಮುಂಚೆ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?"

ಯಾರೋ ಕೆಮ್ಮಿದರು. ನನ್ನ ಬಾಯಿ ತಾನಾಗಿ ತೆರೆಯಿತು, ಮುಚ್ಚಿದೆ. ಕಾಯಿಂಗ್ ಎದುರಿನ ಗೋಡೆಯನ್ನು ನೋಡುತ್ತ ಕುಳಿತಿದ್ದಳು. ಡ್ವೇನ್ ಮರದ ಸುತ್ತಿಗೆಗೆ ಕೈಹಾಕಿದ. ಈ ಜನ ಒಬ್ಬ ಒಳ್ಳೇ ಹೆಣ್ಣುಮಗಳನ್ನು ಮರ್ಯಾದೆಯಿಂದಲೇ ಊರು ಬಿಡಿಸುತ್ತಾರಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಗ ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು. ಟಾರ್ವಲ್ಡ್ ಎದ್ದು ನಿಂತಿದ್ದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಆ ಕಂದು ಗುಂಡಿ ನಂದು," ಎಂದ. "ನಾಲ್ಕು ತೂತಿಂದು. ನಾನು ಆರಿಸಿದ್ದಲ್ಲ ಅದು. ಪಾಪ ಅನ್ನಿಸ್ತು, ಹಾಕ್ದೆ. ನಾನೊಬ್ನೇ ಅಂದ್ಕೊಂಡಿದ್ದೆ."

ಅವನ ಪಕ್ಕದಲ್ಲಿದ್ದ ಆರ್ಡಿಸ್ ತಲೆಯೆತ್ತಿ ಗಂಡನನ್ನು ನೋಡಿದಳು. "ನೀನೂನಾ?"

ಆಮೇಲೆ ಗೋಡೆಯ ಕಡೆಯಿಂದ ಒಬ್ಬ "ನಂದು ಬಿಳೀದು" ಎಂದ. "ಕೆಂಪಿನ ಪಕ್ಕ ಇರೋದು ನಂದು." "ನಾನೂ ಪಾಪ ಅಂತಾನೇ." ಮಾಂಸದ ಕಾರ್ಖಾನೆಯ ಒಬ್ಬ ಹೆಂಗಸು ಕೈಯೆತ್ತಿ, "ನಮ್ಮನೆಯೋರು ಐದೂ ಜನ ಅದಕ್ಕೇ ಹಾಕಿದೀವಿ, ಒಬ್ರಿಗೊಬ್ರು ಹೇಳ್ಕೊಂಡಿಲ್ಲ," ಎಂದಳು. ನಗು ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂತು. ಹಾಲ್ವರಿನಲ್ಲಿ ಅಷ್ಟು ಜನ ಒಟ್ಟಿಗೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಡ್ವೇನ್ ಸುತ್ತಿಗೆ ಬಡಿದ. "ಸರಿ, ಸರಿ. ಪಾಪ ಅಂತ ಹಾಕಿದ್ರೆ ಅದು ವೋಟಾಗಲ್ಲ, ಹಾಗಾದ್ರೆ—"

"ಡ್ವೇನ್," ಎಂದಳು ಆರ್ಡಿಸ್. ಮೆತ್ತಗೆ, ಚರ್ಚಿನಲ್ಲಿ ಮಾತಾಡುವ ಹಾಗೆ. "ಆ ಹಿತ್ತಾಳೆದು ಯಾರದಪ್ಪಾ? ಬ್ಯಾಂಡಿನ ಕೋಟಿಂದು. ನಿಮ್ಮಪ್ಪ ತುತ್ತೂರಿ ಊದ್ತಿದ್ದಾಗ ಹಾಕ್ಕೋತಿದ್ದ ಕೋಟು ಅಂತ ಹುಡುಕಿ ಕೊಟ್ಟಿದ್ದೆ."

ಡ್ವೇನನ ಕಿವಿ ಕೆಂಪಗಾಯಿತು. ಹಲಗೆಯನ್ನು ನೋಡಿದ, ಮೇಜನ್ನು ನೋಡಿದ. "ಖಾಲಿಯಾಗಿ ನಿಂತಿತ್ತಲ್ಲ," ಎಂದ ಕೊನೆಗೆ. "ನಂಗೂ ಒಂಥರಾ ಆಯ್ತು."

ಅವನನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಳ್ಳಲಿಲ್ಲ, ನಮ್ಮಲ್ಲಿ ಅದೂ ಇಲ್ಲ.

ಟಾರ್ವಲ್ಡ್ ಇನ್ನೂ ಕುಳಿತಿರಲಿಲ್ಲ. "ಇನ್ನೊಂದು ಮಾತಿದೆ," ಎಂದ. "ಆ ಹಲಗೆ ನಮ್ಮ ಟ್ಯಾಂಕಿನ ಥರ ಇದೆ. ಟ್ಯಾಂಕಿನ ಈ ಕಡೆ. ನಾನು ದಿನಾ ಹಾಲು ಕರೆದು ಹೊರಗೆ ಬಂದಾಗ ಮೊದಲು ಕಾಣೋದು ಅದೇ. ನಂಗೆ ಆ ಬೂದು ಬಣ್ಣ ಇಷ್ಟ ಇಲ್ಲ. ಯಾವತ್ತೂ ಇಷ್ಟ ಇರ್ಲಿಲ್ಲ."

ಇಷ್ಟ ಇಲ್ಲ. ಟಾರ್ವಲ್ಡ್ ಕ್ವಾಮ್, ತುಂಬಿದ ಸಭೆಯಲ್ಲಿ. ಕಟ್ಟೆ ಒಡೆದದ್ದು ಅಲ್ಲಿ. ನಂಗೂ ಇಷ್ಟ ಇಲ್ಲ ಎಂದಳು ಒಬ್ಬಳು, ಮತ್ತೆ ಟ್ಯಾಂಕ್ ಬಿಟ್ಟು ಬೇರೆಯದಕ್ಕೆ ಬಂದಳು, ಕ್ಲಿನಿಕ್ ಮುಚ್ಚಿದಾಗಿನಿಂದ ಅವಳ ತಾಯಿಯನ್ನು ಪಕ್ಕದ ಜಿಲ್ಲೆಗೆ ಒಯ್ಯಬೇಕಾಗಿದೆ ಎಂದು. ಕಾರ್ಖಾನೆಯ ಹೆಂಗಸು ಮನೆ ಬಾಡಿಗೆಗೆ ಸಿಗುವುದಿಲ್ಲ, ಎರಡು ಸಂಸಾರ ಒಂದೇ ಟ್ರೇಲರ್ ಮನೆಯಲ್ಲಿದ್ದೇವೆ ಎಂದಳು. ಬಾಸ್ಕೆಟ್‌ಬಾಲ್ ಹುಡುಗಿಯೊಬ್ಬಳು ಶಾಲೆಯಿಂದ ಕೆರೆಗೆ ನಡೆದುಹೋಗಲು ಒಂದು ದಾರಿ ಬೇಕು, ಹೈವೇ ಅಂಚಿನಲ್ಲಿ ನಡೆಯಲು ಭಯವಾಗುತ್ತದೆ ಎಂದಳು. ಆ ಹುಡುಗಿಯನ್ನು ನಾನು ಬಸ್ಸಿನಲ್ಲಿ ಎಷ್ಟು ವರ್ಷ ಕರೆದೊಯ್ದಿದ್ದೇನೆ, ಒಂದು ದಿನ ಬಾಯಿಬಿಟ್ಟವಳಲ್ಲ. ಕಾಯಿಂಗ್ ಓಡಿ ಹೋಗಿ ಗೋಡೆಗೆ ದೊಡ್ಡ ಕಾಗದ ಅಂಟಿಸಿ ಬರೆಯತೊಡಗಿದಳು. ಪೆನ್ನು ಮುಗಿಯಿತು, ಯಾರೋ ಇನ್ನೊಂದು ಕೊಟ್ಟರು. ಜನ ಮುಂದಕ್ಕೆ ಬಂದು, ನೋಡಿ ಬೇಕಾದರೆ, ಮುಂದಿನ ಸಾಲಿನಲ್ಲೇ ಕುಳಿತರು. ಚಳಿಗಾಲವೆಲ್ಲ ಅವಳು ಬಾಗಿಲು ಬಾಗಿಲು ತಟ್ಟಿ ಕೇಳಿದ್ದೆಲ್ಲ ಒಂದೇ ಸಂಜೆಗೆ ತಾನಾಗಿ ಸುರಿಯಿತು. ನಾನು ಮಾತ್ರ ಒಂದಕ್ಷರ ಆಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ.

"ಹೆಸ್ರು?" ಎಂದ ಡ್ವೇನ್, ಕಾಗದಗಳು ಗೋಡೆ ತುಂಬಿದ ಮೇಲೆ. "ಯೋಜನೆಗೆ ಹೆಸ್ರು ಬೇಕಲ್ಲ."

"ಟಾರ್ವಲ್ಡ್ ಹೇಳಿದ್ನಲ್ಲ," ಎಂದಳು ಆರ್ಡಿಸ್. "'ಈ ಕಡೆ'. ಆ ಕಡೆ ಹೈವೇಯೋರಿಗಿರ್ಲಿ."

ಕೌನ್ಸಿಲಿನ ಐದೂ ಕೈ ಮೇಲೆದ್ದವು. ಡ್ವೇನನದೇ ಮೊದಲು.

ಬೇಸಿಗೆಯಲ್ಲಿ ಬಣ್ಣದವನು ಬಂದ. ಗುರುತು ಎಲ್ಲರಿಗೂ ಗೊತ್ತಿದ್ದದ್ದೇ, ಬೂದು ವೃತ್ತದ ತುಂಬ ಗುಂಡಿಗಳು. ಯೋಜನೆಯ ಪುಸ್ತಕಕ್ಕೂ ಅದೇ, ಟೌನ್ ಹಾಲಿನ ಬಾಗಿಲಿಗೂ ಅದೇ, ಮೊದಲು ಟ್ಯಾಂಕಿಗೆ. ಮೇಲೆ ಹತ್ತಲು ನಮ್ಮನ್ನು ಬಿಡುವುದಿಲ್ಲ, ಹಾಗಾಗಿ ಅವನು ಹಗ್ಗಕ್ಕೆ ಕಟ್ಟಿದ ಹಲಗೆಯ ತೊಟ್ಟಿಲಿನಲ್ಲಿ ನೇತಾಡುತ್ತ ಬಣ್ಣ ಹಚ್ಚುವುದು, ನಾವು ಕೆಳಗೆ ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಕೂಗುವುದು. ಒಂದೊಂದು ಮನೆಯವರೂ ಬಂದು ತಮ್ಮ ಗುಂಡಿಯ ಬಣ್ಣ ತೋರಿಸಿ, ಜಾಗ ಹೇಳಿ, ಎಡಕ್ಕೆ, ಇನ್ನೂ ಸ್ವಲ್ಪ ಕೆಳಗೆ, ಸಾಕು ಸಾಕು ಎನ್ನುತ್ತಿದ್ದರು. ಟಾರ್ವಲ್ಡ್ ತನ್ನ ಕಂದು ಗುಂಡಿಯನ್ನು ಕೊಟ್ಟಿಗೆಯಿಂದ ಕಾಣುವ ಅಂಚಿಗೆ ಹಾಕಿಸಿದ. ಡ್ವೇನನ ಹಿತ್ತಾಳೆ ಬಣ್ಣ ಸಿಗದೆ ಅವನೇ ಅಂಗಡಿಯಲ್ಲಿ ಮೂರು ಡಬ್ಬಿ ಬೆರೆಸಿ ತಂದ, ಅದು ಸಾಸಿವೆಯ ಬಣ್ಣವಾಯಿತು. "ಬಿಸಿಲು ಬಿದ್ರೆ ಹೊಳೆಯುತ್ತೆ ನೋಡ್ತಿರು" ಎಂದ. ನಾನು ಅವನ ತಟ್ಟೆಗೆ ಆಲೂಗಡ್ಡೆ-ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಬಡಿಸಿದೆ.

ಮೂರನೆಯ ದಿನ ಸಂಜೆಗೆ ಟ್ಯಾಂಕಿನ ಈ ಕಡೆ ತುಂಬಿತು. ತುಂಬಿತು ಎಂದರೆ ನಟ್ಟನಡುವೆ ಒಂದು ಜಾಗ ಬಿಟ್ಟು. ಅಲ್ಲಿ ತಮ್ಮದನ್ನು ಹಾಕಿ ಎಂದು ಇಡೀ ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಸುತ್ತಲೂ ಒತ್ತಿಕೊಂಡು ಹಾಕಿಸಿದ್ದರು, ನಡುವೆ ಬೂದು ಹಾಗೇ ಉಳಿದಿತ್ತು, ತಟ್ಟೆಯ ಕೊನೇ ತುಂಡಿನ ಹಾಗೆ. ಬಣ್ಣದವನು ಬೇರೆ ಊರಿನವನು. "ಅಲ್ಲೇನು ಮಾಡ್ಲಿ?" ಎಂದು ಮೇಲಿನಿಂದ ಕೂಗಿದ.

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆರ್ಡಿಸ್ ಮೆಲ್ಲಗೆ ಎದ್ದು, ಏಪ್ರನ್ನಿನ ಜೇಬಿಗೆ ಕೈಹಾಕಿ, ಒಂದು ಗುಂಡಿ ತೆಗೆದು ಕಾಯಿಂಗಳ ಮುಂದೆ ಹಿಡಿದಳು. ಕಿತ್ತಳೆ ಬಣ್ಣದ್ದು, ದೊಡ್ಡದು.

"ಇದು ನಿಂದು. ಅವತ್ತು ಶನಿವಾರನೇ ತೆಗೆದಿಟ್ಟಿದ್ದೆ. ನೀನು ಓಡಾಡ್ತಾ ಇದ್ದೆ, ಕೊಡೋಕಾಗ್ಲಿಲ್ಲ. ತಗೋಮ್ಮ, ನಡುವೆ ಹಾಕ್ಸು."

ಕಾಯಿಂಗ್ ಆ ಗುಂಡಿಯನ್ನು ನೋಡಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಅವಳು ತಲೆಯಾಡಿಸಿದಳು.

"ಅಯ್ಯೋ, ಬೇಡ."

ಇವಳು ನಿಜವಾಗಿಯೂ ಬೇಡ ಅಂತಾಳಾ?

"ತಗೋಮ್ಮ," ಎಂದಳು ಆರ್ಡಿಸ್, ಕೈ ಹಿಂತೆಗೆಯದೆ.

"ಬೇರೆಯವ್ರಿಗಿರ್ಲಿ ಆರ್ಡಿಸ್."

ಚಮಚಗಳು ತಟ್ಟೆಯಲ್ಲೇ ನಿಂತವು. ಆರ್ಡಿಸ್ ಒಂದು ಹೆಜ್ಜೆ ಮುಂದಿಟ್ಟಳು.

"ಇನ್ನೊಂದ್ಸಲ ಕೇಳ್ತಿದೀನಿ. ತಗೋಮ್ಮ."

ಕಾಯಿಂಗ್ ಕೈ ಚಾಚಿ ಗುಂಡಿಯನ್ನು ತೆಗೆದುಕೊಂಡಳು. "ಹಾಗಾದ್ರೆ," ಎಂದಳು, "ಒಂದು ಚಿಕ್ಕದು."

ಬಣ್ಣದವನು ತೊಟ್ಟಿಲಿನಿಂದ ಬಗ್ಗಿ, "ಎಷ್ಟು ಚಿಕ್ಕದು?" ಎಂದು ಕೇಳಿದ.

ಆಗ ಹಾಲ್ವರ್ ಊರಿನ ಜನ, ಎಂದೂ ದನಿಯೆತ್ತದ ಆ ನನ್ನ ಜನ, ಕಂಬಳಿಗಳಿಂದ ಎದ್ದು ನಿಂತು ಒಂದೇ ಬಾಯಲ್ಲಿ ಕೂಗಿದರು, "ದೊಡ್ಡದು!"